ಉತ್ತರಕ್ಕೆ ಮೊದಲು ಕಾರಣ: ಎನ್‌ಎಂಎಂಎಸ್ ತರಗತಿಯಲ್ಲಿ ಭಾಷಾ ತಾರ್ಕಿಕ ಪ್ರಶ್ನೆಗಳ ಬೋಧನೆ

ಬೋಧನಾಭ್ಯಾಸಕ್ಕೆ ನನಗೆ ದೊರೆತದ್ದು ಊರಿನ ಅಂಚಿನಲ್ಲಿರುವ ಒಂದು ಸರ್ಕಾರಿ ಪ್ರೌಢಶಾಲೆ. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಎರಡನೆಯ ವಾರದಲ್ಲಿ ಮುಖ್ಯ ಶಿಕ್ಷಕರು ಇನ್ನೊಂದು ಕೆಲಸ ಒಪ್ಪಿಸಿದರು. 8ನೇ ತರಗತಿಯ ಮಕ್ಕಳಿಗೆ ಸಂಜೆಯ ಕೊನೆಯ ಅವಧಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆಗೆ ತರಬೇತಿ ಕೊಡಬೇಕು. ಗಣಿತದವರಿಗೆ ಇದು ಸುಲಭ ಎಂದರು. ನಾನೂ ಹಾಗೆಯೇ ಅಂದುಕೊಂಡೆ.

ಈ ವಿದ್ಯಾರ್ಥಿವೇತನ ಯೋಜನೆಯನ್ನು ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿತು. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ ಓದುವ, ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದ ಮಕ್ಕಳು ಇದನ್ನು ಬರೆಯಬಹುದು. ಆಯ್ಕೆಯಾದವರಿಗೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಹೆಣ್ಣುಮಗುವನ್ನು ಪಿಯುಸಿಗೆ ಕಳಿಸಬೇಕೋ ಬೇಡವೋ ಎಂದು ಯೋಚಿಸುವ ಮನೆಯಲ್ಲಿ ಈ ಹಣ ಎಷ್ಟು ದೊಡ್ಡದೆಂದು ನಮಗೆಲ್ಲ ಗೊತ್ತು. ಪರೀಕ್ಷೆಯಲ್ಲಿ ಎರಡು ಪತ್ರಿಕೆಗಳು. ಬೌದ್ಧಿಕ ಸಾಮರ್ಥ್ಯ ಪರೀಕ್ಷೆಯಲ್ಲಿ 90 ಪ್ರಶ್ನೆ, 90 ನಿಮಿಷ. ಪಠ್ಯವಿಷಯಗಳ ಪತ್ರಿಕೆಯೂ ಅಷ್ಟೇ. ಅಂದರೆ ಒಂದು ಪ್ರಶ್ನೆಗೆ ಒಂದು ನಿಮಿಷ.

ಮೊದಲ ಪತ್ರಿಕೆಯ ಭಾಷಾ ತಾರ್ಕಿಕ ಪ್ರಶ್ನೆಗಳನ್ನು, ಅಂದರೆ ಪದಸಂಬಂಧ, ಗುಂಪಿಗೆ ಸೇರದ ಪದ, ಹೇಳಿಕೆ–ತೀರ್ಮಾನ, ರಕ್ತಸಂಬಂಧ ಇವುಗಳನ್ನು ಕಲಿಸುವಾಗ ನಾನು ಮಾಡಿದ ಒಂದು ತಪ್ಪು ಮತ್ತು ಅದರಿಂದ ಬದಲಾದ ಬೋಧನಾ ಕ್ರಮವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನಡೆದದ್ದು

ರಕ್ತಸಂಬಂಧದ ಪಾಠದ ದಿನ ಕಪ್ಪುಹಲಗೆಯ ಮೇಲೆ ಈ ಪ್ರಶ್ನೆ ಬರೆದೆ:

ಒಬ್ಬ ಹುಡುಗಿಯ ಫೋಟೊ ತೋರಿಸಿ ರಮೇಶ ಹೇಳುತ್ತಾನೆ, "ಈಕೆ ನನ್ನ ಅಜ್ಜನ ಒಬ್ಬನೇ ಮಗನ ಮಗಳು." ಆ ಹುಡುಗಿ ರಮೇಶನಿಗೆ ಏನಾಗಬೇಕು?
(1) ತಾಯಿ (2) ಸಹೋದರಿ (3) ಸೋದರಮಾವನ ಮಗಳು (4) ಅತ್ತೆ

ಪ್ರಶ್ನೆ ಒಂದು ಗೈಡಿನದು. ಮೂರನೆಯ ಆಯ್ಕೆಯನ್ನು ಮಾತ್ರ, ಪ್ರಶ್ನೆ ಸ್ವಲ್ಪ ಗಟ್ಟಿಯಾಗಲಿ ಎಂದು ನಾನೇ ಬದಲಿಸಿದ್ದೆ. ಹೆಚ್ಚಿನವರು (2) ಎಂದರು. ಮೂರನೆಯ ಸಾಲಿನ ಒಬ್ಬ ವಿದ್ಯಾರ್ಥಿನಿ (3) ಎಂದಳು. "ತಪ್ಪು, ಕೂತ್ಕೋ. ಅಜ್ಜನ ಒಬ್ಬನೇ ಮಗ ಅಂದ್ರೆ ಅಪ್ಪ, ಅಪ್ಪನ ಮಗಳು ಅಂದ್ರೆ ಸಹೋದರಿ" ಎಂದು ವಿವರಿಸಿ ಮುಂದಿನ ಪ್ರಶ್ನೆಗೆ ಹೋದೆ. ಎಲ್ಲ ವಿಷಯದಲ್ಲೂ ಮೊದಲು ಕೈ ಎತ್ತುತ್ತಿದ್ದ ಆ ಹುಡುಗಿ ಮುಂದಿನ ಎರಡು ದಿನ ಕೈ ಎತ್ತಲಿಲ್ಲ. ನಾನು ಅದನ್ನು ಗಮನಿಸಲೂ ಇಲ್ಲ.

ಗಮನಿಸಿದವರು ಮಾರ್ಗದರ್ಶಕ ಶಿಕ್ಷಕರು. ವೀಕ್ಷಣಾ ಪುಸ್ತಕದಲ್ಲಿ ಅವರು ಒಂದೇ ಸಾಲು ಬರೆದಿದ್ದರು: ಉತ್ತರ ಕೇಳಿದಿರಿ, ಕಾರಣ ಕೇಳಲಿಲ್ಲ.

ಮರುದಿನ ಬಿಡುವಿನಲ್ಲಿ ಅವಳನ್ನು ಕರೆದು ಕೇಳಿದೆ. ಅವಳ ಉತ್ತರ ಇಷ್ಟೇ: "ಮಿಸ್, ನಾವಿರೋದು ಅಮ್ಮನ ತವರಲ್ಲಿ. ನಮ್ಮನೇಲಿ ಅಜ್ಜ ಅಂದ್ರೆ ಅಮ್ಮನ ಅಪ್ಪ. ಅಜ್ಜನಿಗೆ ಒಬ್ಬನೇ ಮಗ, ನಮ್ಮ ಮಾವ. ಮಾವನ ಮಗಳು ತಾನೇ ಮಿಸ್?"

ಅವಳ ತರ್ಕದಲ್ಲಿ ಒಂದು ಮೆಟ್ಟಿಲೂ ತಪ್ಪಿರಲಿಲ್ಲ. ಕನ್ನಡದಲ್ಲಿ ಅಪ್ಪನ ಅಪ್ಪನೂ ಅಜ್ಜ, ಅಮ್ಮನ ಅಪ್ಪನೂ ಅಜ್ಜ. ತಾತ ಎಂದರೂ ಅದೇ ಕಥೆ. ಪ್ರಶ್ನೆಗೆ ಎರಡು ಸರಿಯುತ್ತರಗಳಿದ್ದವು. ಎರಡನೆಯದನ್ನು ಆಯ್ಕೆಗಳೊಳಗೆ ತಂದಿಟ್ಟವಳೇ ನಾನು!

ಬದಲಿಸಿದ ಕ್ರಮ: ಮೊದಲು ವಾಕ್ಯ, ಆಮೇಲೆ ಆಯ್ಕೆ

ಅಂದಿನಿಂದ ತರಗತಿಯಲ್ಲಿ ಒಂದು ನಿಯಮ ಮಾಡಿಕೊಂಡೆವು. ಯಾರೂ ಆಯ್ಕೆಯ ಸಂಖ್ಯೆ ಹೇಳಬಾರದು. ಮೊದಲು ತನ್ನ ಕಾರಣವನ್ನು ಒಂದು ಪೂರ್ಣ ವಾಕ್ಯದಲ್ಲಿ ಹೇಳಬೇಕು. ಬೇರೆ ಬೇರೆ ಬಗೆಯ ಪ್ರಶ್ನೆಗಳಲ್ಲಿ ಇದು ಹೇಗೆ ಕೆಲಸ ಮಾಡಿತು ಎಂಬುದಕ್ಕೆ ಉದಾಹರಣೆಗಳು ಕೆಳಗಿವೆ.

*ಪದಸಂಬಂಧ.* ಕುಂಬಾರ : ಮಣ್ಣು :: ಬಡಗಿ : ? ಆಯ್ಕೆಗಳು: ಉಳಿ, ಕುರ್ಚಿ, ಮರ, ಗರಗಸ. ಮೊದಲ ವಾಕ್ಯ ಬಂದದ್ದು "ಕುಂಬಾರನಿಗೆ ಮಣ್ಣು ಬೇಕು" ಎಂದು. ಅದೇ ವಾಕ್ಯವನ್ನು ಬಡಗಿಗೆ ಹಚ್ಚಿದರೆ ಉಳಿಯೂ ಬೇಕು, ಮರವೂ ಬೇಕು, ಗರಗಸವೂ ಬೇಕು. ಮೂರು ಉತ್ತರ ಬಂದರೆ ವಾಕ್ಯ ಸಡಿಲವಾಗಿದೆ ಎಂದರ್ಥ, ಬಿಗಿ ಮಾಡಬೇಕು. "ಕುಂಬಾರ ಮಣ್ಣಿನಿಂದ ವಸ್ತು ಮಾಡುತ್ತಾನೆ" ಎಂದಾಗ ಬಡಗಿಗೆ ಮರ ಒಂದೇ ಉಳಿಯಿತು. ಮಕ್ಕಳೇ ವಾಕ್ಯವನ್ನು ತಿದ್ದಿದರು. ನಾನು "ಇನ್ನೂ ಬಿಗಿ ಮಾಡಿ" ಎಂದಷ್ಟೇ ಹೇಳಿದ್ದು.

*ಗುಂಪಿಗೆ ಸೇರದ ಪದ.* ಕಾಗೆ, ಗಿಳಿ, ಬಾವಲಿ, ಪಾರಿವಾಳ. ಒಬ್ಬ ಹುಡುಗ "ಗಿಳಿ, ಯಾಕಂದ್ರೆ ಅದು ಹಸಿರು" ಎಂದ. ಸುಳ್ಳೇನಲ್ಲ. ಆಗ ಅವನಿಗೆ ಕೇಳಿದ್ದು: "ಉಳಿದ ಮೂರಕ್ಕೂ ಸೇರಿಸಿ ಒಂದು ಹೆಸರು ಕೊಡು." ಹಸಿರಲ್ಲದವು ಎನ್ನುವುದು ಒಂದು ಗುಂಪಿನ ಹೆಸರಾಗುವುದಿಲ್ಲ, ಹಾಗೆ ನೋಡಿದರೆ ಪ್ರತಿಯೊಂದರಲ್ಲೂ ಉಳಿದವಕ್ಕಿಲ್ಲದ ಏನಾದರೊಂದು ಇದ್ದೇ ಇರುತ್ತದೆ. ಬಾವಲಿಯನ್ನು ತೆಗೆದಾಗ ಮಾತ್ರ ಉಳಿದ ಮೂರಕ್ಕೆ "ಪಕ್ಷಿಗಳು" ಎಂಬ ಹೆಸರು ಸಿಗುತ್ತದೆ. ಬಾವಲಿ ಸಸ್ತನಿ. ಬೇರೆಯಾದದ್ದನ್ನು ಹುಡುಕುವುದಕ್ಕಿಂತ ಕೂಡಿರುವ ಮೂರನ್ನು ಹುಡುಕುವುದು ಸರಿಯಾದ ದಾರಿ ಎಂದು ಮಕ್ಕಳು ಗುರುತಿಸಿದರು.

*ಹೇಳಿಕೆ–ತೀರ್ಮಾನ.* ಹೇಳಿಕೆಗಳು: ಕೆಲವು ರೈತರು ಶಿಕ್ಷಕರು. ಎಲ್ಲ ಶಿಕ್ಷಕರು ಓದುಗರು. ತೀರ್ಮಾನಗಳು: (ಅ) ಕೆಲವು ರೈತರು ಓದುಗರು. (ಆ) ಕೆಲವು ರೈತರು ಓದುಗರಲ್ಲ. ಬಹುತೇಕ ಮಕ್ಕಳು ಎರಡೂ ಸರಿ ಎಂದರು. ಕಾರಣ ಕೇಳಿದಾಗ ತೊಡಕು ಎಲ್ಲಿದೆ ಎಂದು ತಿಳಿಯಿತು. ದಿನಬಳಕೆಯಲ್ಲಿ "ಕೆಲವರು ಊಟ ಮಾಡಿದ್ರು" ಎಂದರೆ ಉಳಿದವರು ಮಾಡಿಲ್ಲ ಎಂದೇ ಅರ್ಥ ಮಾಡಿಕೊಳ್ಳುತ್ತೇವೆ. ತರ್ಕದ ಪ್ರಶ್ನೆಯಲ್ಲಿ "ಕೆಲವು" ಎಂದರೆ ಕನಿಷ್ಠ ಒಂದು ಎಂದಷ್ಟೇ. ಉಳಿದವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಇಲ್ಲಿ ಗಣಿತ ನೆರವಿಗೆ ಬಂತು. ಶಿಕ್ಷಕರ ವೃತ್ತ ಓದುಗರ ವೃತ್ತದ ಒಳಗೆ. ರೈತರ ವೃತ್ತ ಶಿಕ್ಷಕರ ವೃತ್ತವನ್ನು ಛೇದಿಸುತ್ತದೆ. ರೈತರ ವೃತ್ತದ ಉಳಿದ ಭಾಗ ಓದುಗರ ಒಳಗೂ ಇರಬಹುದು, ಹೊರಗೂ ಚಾಚಬಹುದು. ಎರಡು ಚಿತ್ರಗಳನ್ನೂ ಬರೆಸಿದೆ. ಎರಡರಲ್ಲೂ ನಿಲ್ಲುವುದು (ಅ) ಮಾತ್ರ. ಆದ್ದರಿಂದ (ಆ) ಖಚಿತವಾಗಿ ಹೊರಡುವ ತೀರ್ಮಾನವಲ್ಲ.

*ರಕ್ತಸಂಬಂಧ.* ಮತ್ತೆ ಅದೇ ರಮೇಶನ ಪ್ರಶ್ನೆಗೆ ಬಂದೆವು. ಹಲಗೆಯ ಮೇಲೆ ಎರಡು ವಂಶವೃಕ್ಷ ಬರೆಯಲು ಆ ಹುಡುಗಿಯನ್ನೇ ಕರೆದೆ. ಒಂದರಲ್ಲಿ ಅಪ್ಪನ ಕಡೆಯ ಅಜ್ಜ, ಇನ್ನೊಂದರಲ್ಲಿ ಅಮ್ಮನ ಕಡೆಯ ಅಜ್ಜ. "ಅವಳ ಉತ್ತರ ಸರಿ ಇತ್ತು, ಪ್ರಶ್ನೆ ಮಾಡಿದ್ದು ನಾನು, ತಪ್ಪು ನನ್ನದು" ಎಂದು ತರಗತಿಯ ಮುಂದೆ ಹೇಳಿದೆ. ಆಮೇಲೆ ಪ್ರಶ್ನೆಯನ್ನು "ನನ್ನ ತಂದೆಯ ತಂದೆಯ ಒಬ್ಬನೇ ಮಗನ ಮಗಳು" ಎಂದು ಮಕ್ಕಳೇ ತಿದ್ದಿದರು. ಮಾವ, ಅತ್ತೆ ಎಂಬ ಪದಗಳ ಪಟ್ಟಿಯನ್ನೂ ಮಾಡಿದೆವು. ಅಮ್ಮನ ಅಣ್ಣತಮ್ಮಂದಿರೂ ಮಾವ, ಅತ್ತೆಯ ಗಂಡನೂ ಮಾವ, ಗಂಡನ ಅಥವಾ ಹೆಂಡತಿಯ ತಂದೆಯೂ ಮಾವ. ಇಂಥ ಪದ ಬಂದ ಕೂಡಲೇ ಚಿತ್ರ ಬರೆಯಬೇಕು ಎಂಬುದು ನಮ್ಮ ಎರಡನೆಯ ನಿಯಮವಾಯಿತು.

ಮಕ್ಕಳ ಪ್ರಶ್ನೆ

ಆಗ ಅವಳು ಕೇಳಿದಳು: "ಪರೀಕ್ಷೇಲಿ ಹೀಗೇ ಬಂದ್ರೆ ಯಾವುದಕ್ಕೆ ಗುರುತು ಹಾಕ್ಬೇಕು ಮಿಸ್?"

ನುಣುಚಿಕೊಳ್ಳುವಂತಿರಲಿಲ್ಲ. ನಾನು ಹೇಳಿದ್ದು ಇಷ್ಟು. ಎರಡು ಅರ್ಥ ಹೊಳೆದರೆ ಎರಡರ ಉತ್ತರವನ್ನೂ ಆಯ್ಕೆಗಳಲ್ಲಿ ಹುಡುಕು. ಸಾಮಾನ್ಯವಾಗಿ ಒಂದೇ ಇರುತ್ತದೆ; ಅದನ್ನೇ ಗುರುತಿಸು. ಎರಡೂ ಇದ್ದರೆ, ಇಂಥ ಪ್ರಶ್ನೆಗಳಲ್ಲಿ ಅಜ್ಜ ಎಂಬುದನ್ನು ಅಪ್ಪನ ಕಡೆಗೆ ಇಟ್ಟುಕೊಳ್ಳುವ ರೂಢಿ ಇರುವುದರಿಂದ ಆ ಉತ್ತರ ಗುರುತಿಸಿ ಮುಂದೆ ಹೋಗು. ಅಲ್ಲೇ ಐದು ನಿಮಿಷ ಕಳೆಯಬೇಡ. ಪರೀಕ್ಷೆ ಮುಗಿದ ಮೇಲೆ ಬಂದು ನಮಗೆ ಹೇಳು. ಹಲವು ಪರೀಕ್ಷೆಗಳಲ್ಲಿ ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಸ್ವೀಕರಿಸುವ ಕ್ರಮವಿದೆ. ಆಕ್ಷೇಪಣೆಗೂ ಬೇಕಾದದ್ದು ಕಾರಣವೇ.

ಒಂದು ನಿಮಿಷದಲ್ಲಿ ಇಷ್ಟೆಲ್ಲ ಯೋಚಿಸಲು ಆಗುತ್ತದೆಯೇ ಎಂದು ಸಹಪ್ರಶಿಕ್ಷಣಾರ್ಥಿಗಳು ಕೇಳಿದರು. ಮೊದಲ ವಾರ ಒಂದು ಅವಧಿಯಲ್ಲಿ ಎಂಟು ಪ್ರಶ್ನೆಗಳಷ್ಟೇ ಮುಗಿದದ್ದು ನಿಜ. ಆದರೆ ವಾಕ್ಯವನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಕ್ರಮೇಣ ಮನಸ್ಸಿನೊಳಗೆ ಹೇಳಿಕೊಳ್ಳುವ ಅಭ್ಯಾಸವಾಗುತ್ತದೆ. ಮೂರನೆಯ ವಾರದಿಂದ ಗಡಿಯಾರ ಇಟ್ಟೆವು. ಪರೀಕ್ಷೆಗೆ ಮೊದಲೇ ನನ್ನ ಅವಧಿ ಮುಗಿದದ್ದರಿಂದ ಫಲಿತಾಂಶದ ಮಾತು ಆಡಲಾರೆ. ಆ ಹುಡುಗಿಯ ಕೈ ಮತ್ತೆ ಮೇಲೆ ಬಂದದ್ದನ್ನು ಮಾತ್ರ ಕಂಡಿದ್ದೇನೆ.

ಸಹಪ್ರಶಿಕ್ಷಣಾರ್ಥಿಗಳಿಗೆ

ಬ್ಯಾಂಕು, ರೈಲ್ವೆ ನೇಮಕಾತಿ ಪರೀಕ್ಷೆಗಳವರೆಗೂ ಇದೇ ಮಾದರಿಯ ಪ್ರಶ್ನೆಗಳು ಬರುತ್ತವೆ. ಕೀ ಉತ್ತರ ಓದಿ ಹೇಳುವ ತರಬೇತಿ ಮಗುವಿಗೆ ಆ ಒಂದು ಪ್ರಶ್ನೆಯನ್ನು ಕಲಿಸುತ್ತದೆ, ಅಷ್ಟೇ. ಪರೀಕ್ಷೆಯ ಪದಕ್ಕೂ ಮನೆಯ ಪದಕ್ಕೂ ಅರ್ಥ ಎಲ್ಲಿ ಬೇರೆಯಾಗುತ್ತದೆ ಎಂದು ತೋರಿಸಿದರೆ ಮುಂದಿನ ಪ್ರಶ್ನೆಗೂ ಅದು ನೆರವಾಗುತ್ತದೆ. ಮಗು ತನ್ನ ಕಾರಣ ಹೇಳದೆ ನಮಗೆ ಆ ವ್ಯತ್ಯಾಸ ಕಾಣುವುದಿಲ್ಲ.

ಈಗ ನನ್ನ ಪಾಠಯೋಜನೆಯ ನಮೂನೆಗೆ ಒಂದು ಅಂಕಣ ಸೇರಿಸಿಕೊಂಡಿದ್ದೇನೆ: "ಮಗು ಕೊಡಬಹುದಾದ ಬೇರೆ ಉತ್ತರ ಮತ್ತು ಅದರ ಕಾರಣ." ಪ್ರತಿ ಪ್ರಶ್ನೆಗೂ ಅದನ್ನು ತುಂಬಿದ ಮೇಲೆಯೇ ತರಗತಿಗೆ ಹೋಗುತ್ತೇನೆ. ಅಂಕಣ ತುಂಬಲು ಕುಳಿತಾಗ ನನ್ನದೇ ಎರಡು ಪ್ರಶ್ನೆಗಳು ದೋಷಪೂರಿತವೆಂದು ಕಂಡುಬಂದವು. ಅವನ್ನು ಕೈಬಿಟ್ಟೆ.