ಹತ್ತುವ ಮೊದಲು ಬುಡದಲ್ಲಿ ಕೂಡು

ತಮ್ಮಾ, ನಿನ್ನ ಕಾಲಲ್ಲಿ ಕಸುವಿದೆ, ಕೈಯಲ್ಲಿ ಒಳ್ಳೆ ಫೋನಿದೆ. ಬೆಳಗ್ಗೆ ಕುರುಗೋಡಿನ ಗುಡ್ಡ ಹತ್ತಿಳಿದು, ಹೊತ್ತು ಮುಳುಗುವುದರೊಳಗೆ ಸಿರುಗುಪ್ಪ ಕಡೆಯ ತೆಕ್ಕಲಕೋಟೆಗೂ ಹೋಗಿ ಬರುತ್ತೀಯ. ರಾತ್ರಿ ಫೋಟೊಗಳನ್ನು ವಿಕಿಮೀಡಿಯ ಕಾಮನ್ಸಿಗೆ ಏರಿಸಿ, ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಶಿಖರಕ್ಕೊಂದು ಗುರುತು ಇಟ್ಟೇ ಮಲಗುವುದು. ಕೂಲಿಯಿಲ್ಲ, ಹಾರ ತುರಾಯಿ ಇಲ್ಲ, ಮೇಲೆ ಬಳ್ಳಾರಿ ಬಿಸಿಲು. ನಿನ್ನ ಮೇಲೆ ನನಗೆ ಅಭಿಮಾನವೇ. ಆದರೆ ಆ ಅವಸರ ನೋಡಿದರೆ, ತಡಮಾಡಿದರೆ ಗುಡ್ಡವೇ ಎದ್ದು ಹೋದೀತು ಅಂದುಕೊಂಡ ಹಾಗಿದೆ.

ನಮ್ಮ ಬಳ್ಳಾರಿ ಕೋಟೆಯ ಕಥೆ ಕೇಳಿದ್ದೀಯಲ್ಲ? ಹೈದರಾಲಿ ಫ್ರೆಂಚ್ ಇಂಜಿನಿಯರನಿಂದ ಕೋಟೆ ಕಟ್ಟಿಸಿದನಂತೆ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡವೇ ಎತ್ತರ! ಆ ಇಂಜಿನಿಯರನನ್ನು ಕೋಟೆ ಬಾಗಿಲಲ್ಲೇ ನೇಣಿಗೇರಿಸಿದರಂತೆ. ನಿನಗೆ ಅಂಥ ಗಂಡಾಂತರವಿಲ್ಲ, ಅದಕ್ಕೇ ಫೋನು ತೋರಿಸಿದ ಎತ್ತರವನ್ನು ಕಣ್ಣುಮುಚ್ಚಿ ಬರೆದುಬಿಡುತ್ತೀಯ. ಉಪಗ್ರಹದ ಲೆಕ್ಕ ಭೂಮಿಯ ಒಂದು ನುಣುಪಾದ ಗಣಿತದ ಆಕಾರದಿಂದ ಶುರುವಾಗುತ್ತದೆ, ಸರ್ವೆ ನಕ್ಷೆಯದು ಸಮುದ್ರಮಟ್ಟದಿಂದ. ನಮ್ಮ ಕಡೆ ಇವೆರಡರ ನಡುವೆ ಸುಮಾರು 80 ಮೀಟರ್ ಅಂತರ. ಕೆಲವು ಆಪ್‌ಗಳು ಅದನ್ನು ಸರಿಪಡಿಸುತ್ತವೆ, ಕೆಲವು ಇಲ್ಲ. ನಿನ್ನದು ಯಾವ ಜಾತಿಯದು ನೋಡಿಕೋ.

ಜಾಗದ್ದೂ ಹಾಗೇ. ಚಾ ಅಂಗಡಿ ಮುಂದೆ ನಿಂತು ಕುಂಬಾರ ಗುಡ್ಡದ ಚಿತ್ರ ತೆಗೆದರೆ ಫೋನು ಬರೆದುಕೊಳ್ಳುವುದು ಚಾ ಅಂಗಡಿಯ ಅಕ್ಷಾಂಶ ರೇಖಾಂಶ. ಕಾಮನ್ಸಿನಲ್ಲಿ ಕ್ಯಾಮೆರಾ ಇದ್ದ ಜಾಗವೇ ಬೇರೆ, ಗುಡ್ಡ ಇರುವ ಜಾಗವೇ ಬೇರೆ ಅಂತ ನಮೂದಿಸಬಹುದು. ಎರಡನ್ನೂ ತುಂಬು, ಸೋಮಾರಿತನ ಮಾಡಬೇಡ.

ಹೆಸರು ಮಾತ್ರ ಫೋನಿನಲ್ಲಿ ಸಿಗುವುದಿಲ್ಲ. ಬುಡದಲ್ಲಿ ಕುರಿ ಮೇಯಿಸುವವನ ಹತ್ತಿರ ಕೂಡು. ಹೋದವನೇ "ಇದರ ಹೆಸರೇನು?" ಅನ್ನಬೇಡ, ಸರ್ವೆಯವರು ಬಂದರು ಅಂತ ಬಾಯಿ ಮುಚ್ಚಿಕೊಳ್ಳುತ್ತಾನೆ. ಮಳೆ, ಮೇವು ವಿಚಾರಿಸು, ಹೆಸರು ತಾನೇ ಬರುತ್ತದೆ. ಈಚೆ ಊರಿನವರು ಒಂದು, ಆಚೆ ಊರಿನವರು ಇನ್ನೊಂದು ಹೇಳಿದರೆ ಎರಡನ್ನೂ ಬರೆ. ಪಂಚಾಯಿತಿ ಮಾಡು ಅಂತ ನಿನ್ನನ್ನು ಯಾರೂ ಕರೆದಿಲ್ಲ. ಸಂಗನಕಲ್ಲಿನ ಹತ್ತಿರದ ಹಿರೇಗುಡ್ಡವನ್ನೇ ನೋಡು, ಇಂಗ್ಲಿಷ್ ಬರಹಗಳಲ್ಲಿ ಅದು ಕುಪ್ಗಲ್, ಪೀಕಾಕ್ ಹಿಲ್ ಎಂದೆಲ್ಲ ಆಗಿ, ಓದಿದವರಿಗೆ ಮೂರು ಗುಡ್ಡ ಇವೆಯೇನೋ ಅನ್ನಿಸುತ್ತದೆ.

ಆ ಗುಡ್ಡದ ವಿಷಯ ನೀನು ತಿಳಿದಿರಬೇಕು. ನವಶಿಲಾಯುಗದವರು ಅಲ್ಲಿನ ಡೋಲರೈಟ್ ಕರಿಗಲ್ಲಿನಿಂದ ಕೊಡಲಿ ಮಾಡುತ್ತಿದ್ದರು, ಬಂಡೆಗಳ ಮೇಲೆ ದನಗಳ, ಮನುಷ್ಯರ ಚಿತ್ರಗಳನ್ನು ಕುಟ್ಟಿ ಕೊರೆದರು. ಬಡಿದರೆ ಗಣಗಣ ಅನ್ನುವ ಬಂಡೆಗಳೂ ಇವೆ (ನೀನು ಬಡಿದು ನೋಡಬೇಕಿಲ್ಲ). ಈ ಚಿತ್ರಗಳ ಸುದ್ದಿ ಅಚ್ಚಾದದ್ದು 1892ರಲ್ಲಿ. ಆಗಿನ ಫೋಟೊಗಳು ಲಂಡನ್ನಿನ ರಾಯಲ್ ಆಂಥ್ರೊಪಲಾಜಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಮಾಸಿಹೋದವು. ಆಮೇಲೆ ಹುಡುಕಿಕೊಂಡು ಬಂದ ಕೆಲವರಿಗೆ ಜಾಗವೇ ಸಿಗಲಿಲ್ಲ. ಪುರಾತತ್ವಜ್ಞೆ ನಿಕೋಲ್ ಬೊಯ್ವಿನ್ ಅವರು ಮತ್ತೆ ದಾಖಲಿಸಿ 2004ರಲ್ಲಿ ಪ್ರಕಟಿಸುವ ಹೊತ್ತಿಗೆ ಕಲ್ಲುಗಣಿಗಾರಿಕೆ ಗುಡ್ಡವನ್ನು ಕಚ್ಚಿಯಾಗಿತ್ತು. ಗುಡ್ಡ ಎದ್ದು ಹೋದೀತು ಅಂತ ನಾನು ಗೇಲಿ ಮಾಡಿದೆನಲ್ಲ, ನಮ್ಮ ಜಿಲ್ಲೆಯಲ್ಲಿ ಅದೂ ಆಗುತ್ತದೆ, ಲಾರಿಯಲ್ಲಿ.

ಹಾಗಂತ ಕೊರೆದ ಬಂಡೆಯ ಗುರುತನ್ನು ಗೇಣು ಲೆಕ್ಕದಲ್ಲಿ ಊರಿಗೆಲ್ಲ ಹಂಚಬೇಡ. ನಿಧಿಗಳ್ಳರೂ ನಕ್ಷೆ ಓದುತ್ತಾರೆ. ಬಯಲಿಗೆ ಗುಡ್ಡದ ಗುರುತು ಸಾಕು, ಬಂಡೆಯದು ಪುರಾತತ್ವ ಇಲಾಖೆಗೆ ಹೋಗಲಿ.

ಇನ್ನೊಂದು. ಸೂರ್ಯೋದಯದ ಚಿತ್ರ ಬೇಕಾದಷ್ಟಾಯಿತು. ಕ್ವಾರಿ ಕಡಿದ ಮಗ್ಗುಲನ್ನೂ ತೆಗೆ, ತಾರೀಖು ಹಾಕು, ಮುಂದಿನ ವರ್ಷ ಅದೇ ಜಾಗಕ್ಕೆ ಬಂದು ಅದೇ ಕೋನದಲ್ಲಿ ತೆಗೆ. ಕ್ರಷರಿನವರು "ಯಾಕಪ್ಪಾ ಫೋಟೊ?" ಅಂದರೆ ವಾದಕ್ಕೆ ನಿಲ್ಲಬೇಡ, ಡಾಂಬರು ರಸ್ತೆಗೆ ಬಂದು ಅಲ್ಲಿಂದ ತೆಗೆ. ಯುಗಾದಿ ದಾಟಿದ ಮೇಲೆ ಹತ್ತು ಗಂಟೆಯೊಳಗೆ ಇಳಿದುಬಿಡು, ಬಂಡೆ ಕಾದರೆ ಕೈ ಊರಲಿಕ್ಕೂ ಆಗುವುದಿಲ್ಲ.