ಭಾರತದ ಮೊದಲನೆಯ ಸಚಿವ ಸಂಪುಟ



ಪೌರನೀತಿಯ ಪಾಠದಲ್ಲಿ ಮಂತ್ರಿಗಳ ಹೆಸರುಗಳನ್ನೂ ಅವರವರ ಖಾತೆಗಳನ್ನೂ ಬಾಯಿಪಾಠ ಮಾಡಿ ಒಪ್ಪಿಸುವುದು ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಪರೀಕ್ಷೆ ಮುಗಿದೊಡನೆ ಆ ಹೆಸರುಗಳು ಮರೆತುಹೋಗುವುವು. ಮರೆತರೆ ದೊಡ್ಡ ನಷ್ಟವೂ ಇಲ್ಲ. ಮರೆಯಬಾರದ ವಿಷಯವು ಬೇರೊಂದಿದೆ. ಬೇರೆ ಬೇರೆ ಮತ, ಪಕ್ಷ, ಪ್ರಾಂತಗಳಿಗೆ ಸೇರಿದವರು ಒಟ್ಟಾಗಿ ಕುಳಿತು ಒಂದು ದೇಶವನ್ನು ಆಳುವುದು ಹೇಗೆ? ಅವರಲ್ಲೊಬ್ಬರಿಗೆ ಉಳಿದವರ ತೀರ್ಮಾನವು ಒಪ್ಪಿಗೆಯಾಗದಿದ್ದರೆ ಅವರು ಮಾಡತಕ್ಕದ್ದೇನು? ಈ ಎರಡು ಪ್ರಶ್ನೆಗಳನ್ನು ಸ್ವತಂತ್ರ ಭಾರತದ ಮೊದಲನೆಯ ಸಚಿವ ಸಂಪುಟದ ಉದಾಹರಣೆಯಿಂದ ಇಲ್ಲಿ ವಿಚಾರಿಸೋಣ.

ಮೊದಲು ಸಂಪುಟದ ರಚನೆಯನ್ನು ತಿಳಿಯುವುದು ಅವಶ್ಯ. ನಮ್ಮ ಸಂವಿಧಾನದ ೭೫ನೆಯ ವಿಧಿಯಂತೆ ಪ್ರಧಾನಮಂತ್ರಿಯನ್ನು ರಾಷ್ಟ್ರಪತಿಗಳು ನೇಮಿಸುವರು. ಇತರ ಮಂತ್ರಿಗಳನ್ನು ಪ್ರಧಾನಮಂತ್ರಿಯ ಸಲಹೆಯ ಮೇರೆಗೆ ನೇಮಿಸುವರು. ಪಾರ್ಲಿಮೆಂಟಿನ ಸದಸ್ಯರಲ್ಲದವರೂ ಮಂತ್ರಿಯಾಗಬಹುದು. ಆದರೆ ಆರು ತಿಂಗಳೊಳಗೆ ಯಾವುದಾದರೊಂದು ಸಭೆಯ ಸದಸ್ಯತ್ವವನ್ನು ಪಡೆಯದಿದ್ದರೆ ಅವರ ಅಧಿಕಾರವು ಕೊನೆಗೊಳ್ಳುವುದು. ೨೦೦೩ರ ತಿದ್ದುಪಡಿಯ ಪ್ರಕಾರ ಮಂತ್ರಿಗಳ ಒಟ್ಟು ಸಂಖ್ಯೆಯು ಲೋಕಸಭೆಯ ಸದಸ್ಯರ ಸಂಖ್ಯೆಯಲ್ಲಿ ನೂರಕ್ಕೆ ೧೫ನ್ನು ಮೀರಕೂಡದು. ಮಂತ್ರಿಮಂಡಲವೂ ಸಂಪುಟವೂ ಒಂದೇ ಎಂದು ಅನೇಕರು ಭಾವಿಸುವುದುಂಟು. ಮಂತ್ರಿಮಂಡಲವೆಂದರೆ ಸಂಪುಟ ದರ್ಜೆಯ ಸಚಿವರು, ರಾಜ್ಯ ಸಚಿವರು, ಉಪಸಚಿವರು, ಇವರೆಲ್ಲರೂ ಕೂಡಿದ ದೊಡ್ಡ ಸಮೂಹ. ಸಂಪುಟವಾದರೋ ಆ ಸಮೂಹದೊಳಗಣ ಹಿರಿಯರ ಚಿಕ್ಕ ಕೂಟ. ರಾಜ್ಯನೀತಿಯು ನಿಶ್ಚಯವಾಗುವುದು ಅಲ್ಲಿಯೇ.

ಸಂವಿಧಾನವು ಜಾರಿಗೆ ಬರುವುದಕ್ಕೆ ಮೊದಲೇ, ೧೯೪೭ರ ಆಗಸ್ಟ್ ೧೫ರಂದು, ಸ್ವತಂತ್ರ ಭಾರತದ ಮೊದಲನೆಯ ಸಂಪುಟವು ಅಧಿಕಾರವನ್ನು ವಹಿಸಿಕೊಂಡಿತು. ಅದರಲ್ಲಿದ್ದವರು ೧೪ ಮಂದಿ. ಜವಾಹರಲಾಲ್ ನೆಹರೂ ಅವರು ಪ್ರಧಾನಮಂತ್ರಿಗಳಾಗಿ ವಿದೇಶಾಂಗ ವ್ಯವಹಾರವನ್ನೂ ನೋಡಿಕೊಂಡರು. ಸರ್ದಾರ್ ವಲ್ಲಭಭಾಯಿ ಪಟೇಲರಿಗೆ ಗೃಹ, ಬಾಬು ರಾಜೇಂದ್ರ ಪ್ರಸಾದರಿಗೆ ಆಹಾರ ಮತ್ತು ವ್ಯವಸಾಯ, ಮೌಲಾನಾ ಅಬುಲ್ ಕಲಾಂ ಆಜಾದರಿಗೆ ವಿದ್ಯಾಭ್ಯಾಸ, ಜಗಜೀವನರಾಮರಿಗೆ ಕಾರ್ಮಿಕ, ರಫಿ ಅಹಮದ್ ಕಿದ್ವಾಯಿಯವರಿಗೆ ಅಂಚೆತಂತಿ ಸಂಪರ್ಕ, ಎನ್. ವಿ. ಗಾಡ್ಗೀಳರಿಗೆ ಕಾಮಗಾರಿ, ಗಣಿ ಮತ್ತು ವಿದ್ಯುಚ್ಛಕ್ತಿ ಖಾತೆಗಳು ದೊರೆತುವು. ಸರ್ದಾರ್ ಬಲದೇವ ಸಿಂಗರಿಗೆ ರಕ್ಷಣೆ, ಆರ್. ಕೆ. ಷಣ್ಮುಖಂ ಚೆಟ್ಟಿಯವರಿಗೆ ಹಣಕಾಸು, ಡಾಕ್ಟರ್ ಜಾನ್ ಮಥಾಯಿಯವರಿಗೆ ರೈಲ್ವೆ, ಸಿ. ಎಚ್. ಭಾಭಾ ಅವರಿಗೆ ವಾಣಿಜ್ಯ, ಡಾಕ್ಟರ್ ಶ್ಯಾಮಪ್ರಸಾದ ಮುಖರ್ಜಿಯವರಿಗೆ ಕೈಗಾರಿಕೆ, ಡಾಕ್ಟರ್ ಬಿ. ಆರ್. ಅಂಬೇಡ್ಕರರಿಗೆ ಕಾನೂನು. ಆರೋಗ್ಯ ಖಾತೆಯನ್ನು ವಹಿಸಿಕೊಂಡ ರಾಜಕುಮಾರಿ ಅಮೃತ್ ಕೌರ್ ಅವರು ಆ ಹದಿನಾಲ್ವರಲ್ಲಿ ಏಕಮಾತ್ರ ಮಹಿಳೆ.

ಈ ಪಟ್ಟಿಯನ್ನು ಗಮನವಿಟ್ಟು ನೋಡಿದರೆ ಒಂದು ಸಂಗತಿಯು ಹೊಳೆಯುವುದು. ಇವರೆಲ್ಲರೂ ಕಾಂಗ್ರೆಸ್ಸಿನವರಲ್ಲ. ಅಂಬೇಡ್ಕರರು ಕಾಂಗ್ರೆಸ್ಸನ್ನು ವರ್ಷಗಟ್ಟಲೆ ಕಟುವಾಗಿ ಟೀಕಿಸಿದ್ದವರು. ಮುಖರ್ಜಿಯವರು ಹಿಂದೂ ಮಹಾಸಭೆಯ ಮುಂದಾಳು. ಚೆಟ್ಟಿಯವರು ಹಿಂದೆ ಕೊಚ್ಚಿನ್ ಸಂಸ್ಥಾನದ ದಿವಾನರಾಗಿದ್ದವರು. ಮಥಾಯಿಯವರು ಅರ್ಥಶಾಸ್ತ್ರಜ್ಞರು, ಭಾಭಾ ಅವರು ವ್ಯಾಪಾರಸ್ಥರು. ದೇಶವು ಇಬ್ಭಾಗವಾಗಿ, ಲಕ್ಷಾಂತರ ಜನರು ಮನೆಮಠಗಳನ್ನು ಕಳೆದುಕೊಂಡು ಅಲೆಯುತ್ತಿದ್ದ ಆ ಕಾಲದಲ್ಲಿ, ಒಂದೇ ಪಕ್ಷದವರನ್ನು ನೆಚ್ಚಿಕೊಳ್ಳದೆ ಬೇರೆಯವರಿಗೂ ಹೊಣೆಯನ್ನು ಹಂಚಲಾಯಿತು.

ಇಷ್ಟು ಭಿನ್ನಾಭಿಪ್ರಾಯಗಳಿದ್ದವರನ್ನು ಒಟ್ಟಿಗೆ ಹಿಡಿದಿಡುವ ಸೂತ್ರವು ಯಾವುದು? ಅದುವೇ ಸಾಮೂಹಿಕ ಹೊಣೆ. ಸಂಪುಟದ ಸಭೆಯೊಳಗೆ ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿದ್ದುದನ್ನು ಬಿಚ್ಚಿ ಹೇಳಬಹುದು, ವಾದಿಸಬಹುದು. ತೀರ್ಮಾನವಾದ ಮೇಲೆ ಅದು ಎಲ್ಲರ ತೀರ್ಮಾನ. ಹೊರಗೆ ಬಂದು “ಇದು ನನಗೆ ಸಮ್ಮತವಿರಲಿಲ್ಲ” ಎಂದು ನುಣುಚಿಕೊಳ್ಳಲಾಗದು. ಮನಸ್ಸಾಕ್ಷಿಯು ಒಪ್ಪದಿದ್ದರೆ ಪದವಿಯನ್ನು ತ್ಯಜಿಸುವುದೊಂದೇ ದಾರಿ. ಇಡೀ ಮಂತ್ರಿಮಂಡಲವು ಲೋಕಸಭೆಗೆ ಒಟ್ಟಾಗಿ ಹೊಣೆಯಾಗಿರುವುದು. ಸಭೆಯ ವಿಶ್ವಾಸವನ್ನು ಕಳೆದುಕೊಂಡರೆ ಎಲ್ಲರೂ ಒಟ್ಟಾಗಿ ಇಳಿಯತಕ್ಕದ್ದು.

ಈ ನಿಯಮವು ಬರಿಯ ಪುಸ್ತಕದ ಮಾತಲ್ಲವೆಂಬುದನ್ನು ಆ ಸಂಪುಟದವರೇ ತೋರಿಸಿಕೊಟ್ಟರು. ಪಾಕಿಸ್ತಾನದೊಡನೆ ಮಾಡಿಕೊಂಡ ಒಪ್ಪಂದವನ್ನು ಒಪ್ಪದೆ ಮುಖರ್ಜಿಯವರು ೧೯೫೦ರ ಏಪ್ರಿಲಿನಲ್ಲಿ ಹೊರಬಂದರು. ಆ ವೇಳೆಗೆ ಹಣಕಾಸಿನ ಮಂತ್ರಿಗಳಾಗಿದ್ದ ಮಥಾಯಿಯವರು, ಹೊಸದಾಗಿ ಸ್ಥಾಪಿತವಾದ ಯೋಜನಾ ಆಯೋಗದ ಅಧಿಕಾರದ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು ಅದೇ ವರ್ಷ ರಾಜೀನಾಮೆಯನ್ನಿತ್ತರು. ೧೯೫೧ರಲ್ಲಿ ಅಂಬೇಡ್ಕರರೂ ಪದವಿಯನ್ನು ಬಿಟ್ಟರು. ಬೇರೆ ಕಾರಣಗಳೂ ಇದ್ದುವು. ಆದರೆ ಮುಖ್ಯವಾದುದು ಹಿಂದೂ ಸಂಹಿತೆಯ ಮಸೂದೆಯು ಮುಂದೆ ಸಾಗದೆ ನಿಂತುಹೋದುದು. ವಿವಾಹ, ವಿಚ್ಛೇದನ, ಹೆಣ್ಣುಮಕ್ಕಳ ಆಸ್ತಿಯ ಪಾಲು ಇವುಗಳನ್ನು ತಿದ್ದಲು ಹೊರಟಿದ್ದ ಮಸೂದೆಯದು.

ನಮ್ಮ ವಿದ್ಯಾರ್ಥಿನಿಯರು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಒಂದು ಶಾಸನವನ್ನು ಮಾಡಿತ್ತು. ಇಡೀ ದೇಶಕ್ಕೆ ಅನ್ವಯಿಸುವ ಕಾನೂನುಗಳು ೧೯೫೫ ಮತ್ತು ೧೯೫೬ರಲ್ಲಿ ಭಾಗಭಾಗವಾಗಿ ಬಂದುವು. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ದೇಶದಾದ್ಯಂತ ಸಿಕ್ಕಿದುದು ೨೦೦೫ರ ತಿದ್ದುಪಡಿಯಿಂದ. ಸಂಪುಟದಲ್ಲಿ ನಡೆಯುವ ಚರ್ಚೆಯು ದೆಹಲಿಯಲ್ಲಿಯೇ ಉಳಿಯುವುದಿಲ್ಲ. ಅದು ನಮ್ಮ ಅಡಿಗೆಮನೆಯ ಬಾಗಿಲಿಗೂ ಬರುವುದು.

ಅಮೃತ್ ಕೌರ್ ಅವರ ಕಾರ್ಯವೂ ಇದನ್ನೇ ತಿಳಿಸುವುದು. ಕಪೂರ್ಥಲದ ರಾಜವಂಶದಲ್ಲಿ ಹುಟ್ಟಿ, ಗಾಂಧೀಜಿಯವರ ಕಾರ್ಯದರ್ಶಿಯಾಗಿ ಸೇವೆಮಾಡಿ, ಸೆರೆಮನೆಯನ್ನೂ ಕಂಡ ಅವರು ೧೯೫೭ರವರೆಗೆ ಆರೋಗ್ಯ ಖಾತೆಯನ್ನು ನಡೆಸಿದರು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮಸೂದೆಯನ್ನು ೧೯೫೬ರಲ್ಲಿ ಮಂಡಿಸಿದವರು ಅವರೇ. ಸಿಮ್ಲಾದಲ್ಲಿದ್ದ ತಮ್ಮ ಸ್ವಂತ ಮನೆಯನ್ನೂ ಆ ಸಂಸ್ಥೆಗೆ ದಾನವಾಗಿ ಕೊಟ್ಟರು. ಒಂದು ಖಾತೆಯೆಂದರೆ ಎಷ್ಟು ಜನರ ಪ್ರಾಣದ ಹೊಣೆಯೆಂಬುದು ಇದರಿಂದ ವಿದಿತವಾಗುವುದು.

ಆದುದರಿಂದ ಹೊಸ ಮಂತ್ರಿಮಂಡಲವು ಪ್ರಮಾಣವಚನವನ್ನು ಸ್ವೀಕರಿಸಿದ ಸುದ್ದಿಯನ್ನು ಓದುವಾಗ, ನಮ್ಮ ಊರಿನವರು ಯಾರಿದ್ದಾರೆ, ನಮ್ಮ ಜಾತಿಯವರು ಎಷ್ಟು ಮಂದಿ ಎಂದು ಎಣಿಸಿ ಪತ್ರಿಕೆಯನ್ನು ಮಡಿಸಿಡಬಾರದು. ಯಾವ ಖಾತೆ ಯಾರಿಗೆ, ಅದಕ್ಕೆ ಅವರ ಯೋಗ್ಯತೆಯೇನು, ಎಷ್ಟು ಮಂದಿ ಸ್ತ್ರೀಯರಿದ್ದಾರೆ, ಒಪ್ಪದ ಮಾತಿಗೆ ಪದವಿಯನ್ನು ಬಿಡುವ ಧೈರ್ಯವು ಯಾರಿಗಿದೆ ಎಂದು ವಿಚಾರಿಸಬೇಕು. ಪೋಷಕರು ಈ ವಿಚಾರಗಳನ್ನು ಗಂಡುಮಕ್ಕಳ ಮುಂದೆ ಮಾತ್ರವಲ್ಲ, ಹೆಣ್ಣುಮಕ್ಕಳ ಮುಂದೆಯೂ ಮಾತಾಡಲಿ. ಮತವನ್ನು ಕೊಡುವ ಕೈ ಇಬ್ಬರದೂ ಅಲ್ಲವೇ?