ಮಳೆ ರಜೆಯೂ ಅಬ್ಸರ್ವರೂ

ಪುಟ್ಟೀ, ನಿನ್ನೆ ಫೋನಿನಲ್ಲಿ ಡಿಸೈನ್ ಪ್ಯಾಟರ್ನ್‌ಗಳನ್ನು ಮಗ್ಗಿಯಂತೆ ಒಪ್ಪಿಸಿದೆ. ಕ್ರಿಯೇಷನಲ್ 5, ಸ್ಟ್ರಕ್ಚರಲ್ 7, ಬಿಹೇವಿಯರಲ್ 11, ಒಟ್ಟು 23. ವೈವಾದಲ್ಲಿ ಮಾರ್ಕ್ಸ್ ಸಿಗುತ್ತದೆ ಬಿಡು. ಆದರೆ ಅವುಗಳಲ್ಲಿ ಅಬ್ಸರ್ವರ್ ಯಾಕೆ ಬೇಕು ಅಂತ ಕೇಳಿದರೆ ಸುಮ್ಮನಾದೆಯಲ್ಲ, ಅದಕ್ಕೇ ಈ ಕಾಗದ.

ಮಡಿಕೇರಿಯ ಜುಲೈ ನೆನಪಿದೆಯಾ? ರಾತ್ರಿಯಿಡೀ ಹೆಂಚಿನ ಮೇಲೆ ಮಳೆ. ಬೆಳಿಗ್ಗೆ ಎದ್ದವಳೇ ‘ಇವತ್ತು ರಜೆಯಾ ಸಾರ್?’ ಅಂತ ಮೇಷ್ಟ್ರಿಗೆ ಫೋನ್. ಹತ್ತು ನಿಮಿಷಕ್ಕೆ ಮತ್ತೊಂದು. ಕ್ಲಾಸಿನವರೆಲ್ಲ ಹೀಗೇ ಮಾಡಿದರೆ ಮೇಷ್ಟ್ರ ಗತಿ? ಆಮೇಲೆ ವಾಟ್ಸಾಪ್ ಗುಂಪು ಬಂತು. ಡಿ.ಸಿ. ರಜೆ ಕೊಟ್ಟದ್ದೇ ತಡ, ಎಲ್ಲರಿಗೂ ಒಂದೇ ಮೆಸೇಜು. ನೀನು ಕಂಬಳಿ ಎಳೆದುಕೊಂಡೆ, ನಿನ್ನಮ್ಮ ಬುತ್ತಿ ಕಟ್ಟುವುದು ಬಿಟ್ಟಳು, ಆಟೋದವನು ಬೇರೆ ಬಾಡಿಗೆ ಹಿಡಿದ. ಯಾರು ಏನು ಮಾಡಿಕೊಂಡರು ಎಂಬ ಗೊಡವೆ ಮೇಷ್ಟ್ರಿಗಿಲ್ಲ. ಅಬ್ಸರ್ವರ್ ಅಂದರೆ ಇಷ್ಟೇ. ಹೈಸ್ಕೂಲು ಬಿಟ್ಟು ಐದು ವರ್ಷವಾದರೂ ನಿನಗಿನ್ನೂ ಆ ಮೆಸೇಜು ಬರುತ್ತದಲ್ಲ, ಅದೇ ಅದರ ಕಾಯಿಲೆ. ಪಟ್ಟಿಯಿಂದ ಹೆಸರು ತೆಗೆಯಲು ಮರೆತರೆ ಮೆಮೊರಿ ಸೋರುತ್ತದೆ.

ನೀನು ಒಪ್ಪಿಸಿದ ಆ 23 ಪ್ಯಾಟರ್ನ್‌ಗಳ ಪುಸ್ತಕವನ್ನು ಗಾಮಾ ಮತ್ತು ಅವನ ಮೂವರು ಸಂಗಡಿಗರು 1994ರಲ್ಲಿ ತಂದಾಗ ಅವರಿಗೆ ದಾರಿ ತೋರಿದ್ದವನು ಕಂಪ್ಯೂಟರಿನವನಲ್ಲ, ಮನೆ ಕಟ್ಟುವ ವಿದ್ಯೆಯ ಕ್ರಿಸ್ಟೊಫರ್ ಅಲೆಕ್ಸಾಂಡರ್. 1977ರ ಅವನ ಗ್ರಂಥದಲ್ಲಿ 253 ಪ್ಯಾಟರ್ನ್‌ಗಳಿವೆ. ಎಲ್ಲಿ, ಯಾವ ತೊಂದರೆಗೆ ಎಂಬುದು ಅವನಿಗೆ ಮುಖ್ಯ. ನಮ್ಮ ಕೊಡಗಿನ ಒಕ್ಕಗಳ, ಅಂದರೆ ಮನೆತನಗಳ, ಐನ್‌ಮನೆಗಳನ್ನೇ ನೋಡು: ಇಳಿಜಾರು ಮಾಡು, ಎತ್ತರದ ಜಗಲಿ, ಕಂಬಗಳ ನಡುವೆ ಕೂರಲು ಐಮರದ ಹಲಗೆ. ಎಲ್ಲವೂ ಈ ಮಳೆಗೆ, ಈ ಒಕ್ಕದ ಬಾಳಿಗೆ ಒಗ್ಗಿದ್ದು. ಬೆಂಗಳೂರಿನ ಪ್ಲಾನು ತಂದು ಚಪ್ಪಟೆ ತಾರಸಿ ಹಾಕಿಸಿದವರು ಸೋರಿದ ಮೇಲೆ ಅದರ ಮೇಲೊಂದು ತಗಡಿನ ಮಾಡು ಹೊದಿಸುತ್ತಾರೆ. ಒಳಗಿನದನ್ನು ಮುಟ್ಟದೆ ಮೇಲೆ ಹೊದಿಸಿದ್ದರಿಂದ ಅದನ್ನೂ ಡೆಕೊರೇಟರ್ ಅನ್ನಬಹುದೇನೋ!

ನಾನೂ ಹಾಗೇ ಜಾಗ ನೋಡದೆ ತಾರಸಿ ಹಾಕಿಸಿದವನು. ಮೊದಲ ಕೆಲಸದಲ್ಲಿ ಕಂಡಲ್ಲೆಲ್ಲ ಸಿಂಗಲ್ಟನ್ ತುರುಕಿದ್ದೆ. ಎಲ್ಲ ಕಡೆಗೂ ಅದೇ ಒಂದು ಆಬ್ಜೆಕ್ಟ್ ಆದ್ದರಿಂದ ಒಂದು ಟೆಸ್ಟ್ ಬದಲಿಸಿಟ್ಟ ಬೆಲೆ ಇನ್ನೊಂದನ್ನು ಕೆಡಿಸುತ್ತಿತ್ತು. ಕಾರಣ ಹುಡುಕಲು ಒಂದು ವಾರ ಹೋಯಿತು.

ಅದಕ್ಕೇ ನಿನ್ನ ಲೈಬ್ರರಿ ಪ್ರಾಜೆಕ್ಟನ್ನು ಸದ್ಯಕ್ಕೆ ಬರೀ ಇಫ್-ಎಲ್ಸ್‌ನಲ್ಲೇ ಬರಿ. ವಿದ್ಯಾರ್ಥಿಗೊಂದು ದಂಡ, ಮೇಷ್ಟ್ರಿಗೊಂದು, ರಜೆಯಲ್ಲಿ ಮತ್ತೊಂದು ಅಂತ ಮೂರನೇ ಸಲ ತಿದ್ದುವಾಗ ಸಾಕೋ ಸಾಕು ಅನ್ನಿಸುತ್ತದೆ. ಆಗ ಸ್ಟ್ರಾಟೆಜಿಯ ಅಧ್ಯಾಯ ತೆಗೆ. ದಸರೆಗೆ ಬರುವಾಗ ಲ್ಯಾಪ್‌ಟಾಪ್ ತಾ, ದಶಮಂಟಪಗಳ ರಾತ್ರಿ ಮೆರವಣಿಗೆ ನೋಡಿ ನಿದ್ದೆ ಮುಗಿಸಿ ಕೂರೋಣ.

ನಿನ್ನ ದೊಡ್ಡಪ್ಪ